ನಕ್ಷತ್ರ ಅಳಿಸಿದ ಮಾತು

ವಾಷಿಂಗ್ಟನ್
ಭಾನುವಾರ, 7 ಏಪ್ರಿಲ್ 2024

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಜ್ವರ ನಿಜವಾಗಿಯೂ ಬಿಟ್ಟಿದೆಯೋ, ಇಲ್ಲ ಬಿಟ್ಟಿದೆ ಎಂದು ಹೇಳಿ ನಮ್ಮ ಬಾಯಿ ಮುಚ್ಚಿಸಿದ್ದೀಯೋ? ನಿನ್ನ ಲೆಕ್ಕದಲ್ಲಿ ಜ್ವರ ಯಾವಾಗಲೂ ‘ಸ್ವಲ್ಪ’, ಹೊಳೆ ಯಾವಾಗಲೂ ‘ಶಾಂತ’, ಸೊಳ್ಳೆ ಯಾವಾಗಲೂ ‘ಪರವಾಗಿಲ್ಲ’. ಕಾಲಿನ ಹುಣ್ಣು ಒಣಗಿತೇ? ಬರಿಗಾಲಲ್ಲಿ ಕೆಸರಿಗೆ ಇಳಿಯಬೇಡ ಎಂದರೆ ನೀನು ಕೇಳುವವಳಲ್ಲ, ಆದರೂ ಹೇಳುತ್ತೇನೆ. ಮುಲಾಮು, ಮಾತ್ರೆ, ದಪ್ಪ ಕಾಲುಚೀಲ, ಒಂದು ಪೊಟ್ಟಣ ಹುಣಸೆಹಣ್ಣು, ಜೊತೆಗೆ ನಾನೇ ಮಾಡಿದ ಚಟ್ನಿಪುಡಿ ಕಳಿಸಿದ್ದೇನೆ. ಚಟ್ನಿಪುಡಿ ಸ್ವಲ್ಪ ಸೀದಿದೆ, ಬೈಯಬೇಡ. ನಾಡಿದ್ದು ಯುಗಾದಿ. ಇಲ್ಲಿ ಚೆರ್ರಿ ಹೂವೆಲ್ಲ ಉದುರಿ, ಕಂದು ಬಣ್ಣಕ್ಕೆ ತಿರುಗಿ, ಮೆಟ್ರೋ ಮೆಟ್ಟಿಲಿನವರೆಗೂ ಚಪ್ಪಲಿಗೆ ಅಂಟಿಕೊಂಡು ಬರುತ್ತಿದೆ. ಬೇವು ಎಲ್ಲೂ ಸಿಗಲಿಲ್ಲ. ನಾನೂ ಹೆಚ್ಚು ಹುಡುಕಲಿಲ್ಲ.

ಇಮೇಲು ಬಿಟ್ಟು ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ನೀನು ಭಾಷೆ ಬರೆದುಕೊಳ್ಳಲು ಹೋಗಿರುವ ಬಾಮು ಹೊಳೆಯಲ್ಲಿ ಸಿಗ್ನಲ್ ಇಲ್ಲ ಎನ್ನುವುದು ಒಂದು ಕಾರಣ. ನಿನ್ನ ಇಮೇಲು, ಫೋನು ಎರಡರ ಪಾಸ್‌ವರ್ಡೂ ಅಪ್ಪನ ಹತ್ತಿರ ಇದೆ ಎನ್ನುವುದು ಇನ್ನೊಂದು. ಅಪ್ಪನ ಕಣ್ಣಿಗೆ ಬೀಳದಂತೆ ನಿನಗೆ ಬರೆಯಬೇಕಾದ ದಿನ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ನನ್ನ ಜೊತೆ ಮನೆ ಹಂಚಿಕೊಂಡಿರುವ ಸಾದಿಯಾ ನಿನಗೆ ಗೊತ್ತಲ್ಲ, ಮೈಸೂರು ಉದಯಗಿರಿಯ ನರ್ಸ್, ಅವಳ ಆರೋಗ್ಯ ತಂಡ ಈ ವಾರ ಪಪುವಾ ನ್ಯೂಗಿನಿಗೆ ಹೊರಟಿದೆ. ದಾರು ಪಟ್ಟಣದವರೆಗೆ ಅವಳೇ ಒಯ್ಯುತ್ತಾಳೆ. ಅಲ್ಲಿಂದ ಆಸ್ಪತ್ರೆಯ ದೋಣಿ ಬಾಮುವಿಗೆ ತಲುಪಿಸುತ್ತದಂತೆ. ‘ನಿಮ್ಮಮ್ಮನ ಕೈಗೇ ಕೊಡಿಸ್ತೀನಿ, ನೀನು ಅಳೋದು ನಿಲ್ಸು’ ಎಂದಿದ್ದಾಳೆ. ನಾನು ಅಳುತ್ತಿರಲಿಲ್ಲ ಅಮ್ಮಾ. ಅಸಹ್ಯಕ್ಕೂ ಕಣ್ಣಲ್ಲಿ ನೀರು ಬರುತ್ತದೆ ಎಂದು ಅವಳಿಗೆ ಗೊತ್ತಿಲ್ಲ.

ಕಮ್ಮಿಂಗ್‌ನ ನಮ್ಮ ಮನೆಯ ಅಡುಗೆಮನೆ ಮೇಜು ನೆನಪಿದೆಯೇ? ನಾನು ಹೈಸ್ಕೂಲಿನಲ್ಲಿದ್ದಾಗ ಆ ಮೇಜಿನ ಒಂದು ತುದಿಯಲ್ಲಿ ನೀನು ನನ್ನಿಂದ ದಿನಕ್ಕೊಂದು ಪುಟ ಕನ್ನಡ ಬರೆಸುತ್ತಿದ್ದೆ, ಇನ್ನೊಂದು ತುದಿಯಲ್ಲಿ ನಿನ್ನ ಕಿವಾಯ್ ಭಾಷೆಗಳ ಚೀಟಿಗಳು ಹರಡಿರುತ್ತಿದ್ದವು. ಫ್ಲೈ ನದಿ ಸಮುದ್ರ ಸೇರುವ ಕಡೆ, ಅದರ ದ್ವೀಪಗಳಲ್ಲಿ, ಪಕ್ಕದ ಬಾಮು ಹೊಳೆಯಲ್ಲಿ, ಒಂದೇ ತಾಯಿಯ ಮಕ್ಕಳಂಥ ಭಾಷೆಗಳಿವೆ ಎಂದು ನೀನು ಹೇಳುತ್ತಿದ್ದೆ. ಕೆಲವರು ಆರು ಎನ್ನುತ್ತಾರೆ, ಕೆಲವರು ಬೇರೆ ಲೆಕ್ಕ ಹಾಕುತ್ತಾರೆ, ಜಗಳ ಮುಗಿದಿಲ್ಲ ಎಂದು ನಗುತ್ತಿದ್ದೆ. ನೀರಿಗೆ ಓಬೋ, ಬೆಂಕಿಗೆ ಎರಾ, ಮನೆಗೆ ಮೋತೋ. ಅಕ್ಕತಂಗಿಯರ ಮುಖ ಪಕ್ಕಪಕ್ಕ ಇಟ್ಟು ನೋಡಿ, ಯಾರೂ ಕಂಡಿರದ ತಾಯಿಯ ಮುಖ ಹೀಗಿದ್ದೀತು ಎಂದು ಊಹಿಸುವುದೇ ನಿನ್ನ ಕೆಲಸ ಎಂದಿದ್ದೆ. ಹಾಗೆ ಊಹಿಸಿದ ಪ್ರತಿ ಶಬ್ದದ ಮುಂದೆ ಒಂದು ಪುಟ್ಟ ನಕ್ಷತ್ರ ಹಾಕುತ್ತಿದ್ದೆ. ಯಾಕೆ ಎಂದು ಕೇಳಿದಾಗ ನೀನು ಕೊಟ್ಟ ಉತ್ತರ ನಾನು ಮರೆತಿಲ್ಲ: ‘ಇದನ್ನ ಯಾವ ಕಿವಿಯೂ ಕೇಳಿಲ್ಲ ಯಾಮಿ. ನಾನು ಊಹೆ ಮಾಡಿದ್ದು ಅಂತ ಒಪ್ಕೊಳ್ಳೋ ಗುರುತು ಅದು. ಅದನ್ನ ತೆಗೆದ್ರೆ ಸುಳ್ಳು ಹೇಳ್ದಂಗೆ.’ ಆಮೇಲೆ ನಾನು ಎಷ್ಟೋ ಕಿರುಹೊತ್ತಗೆಗಳನ್ನು ಓದಿದ್ದೇನೆ. ಭಾಷೆಯ ಹಕ್ಕಿನ ಬಗ್ಗೆ, ನೆಲದ ಹಕ್ಕಿನ ಬಗ್ಗೆ, ಸಾಲ ಕೊಟ್ಟು ಹೊಳೆ ಕಸಿಯುವವರ ಬಗ್ಗೆ. ಮೆಟ್ರೋ ಬಾಗಿಲಲ್ಲಿ ಕೊಟ್ಟದ್ದು, ನಾನೀಗ ಕರಪತ್ರ ಹಂಚುವ ಸಂಘದ ಮೇಜಿನ ಮೇಲೆ ಬಿದ್ದಿದ್ದು, ಯಾವುದನ್ನೂ ಬಿಟ್ಟಿಲ್ಲ. ಪ್ರಾಮಾಣಿಕತೆಯ ಬಗ್ಗೆ ಆ ನಕ್ಷತ್ರದಷ್ಟು ಚಿಕ್ಕದಾಗಿ ಯಾರೂ ಬರೆದಿದ್ದನ್ನು ನಾನು ನೋಡಿಲ್ಲ. ಆ ನಕ್ಷತ್ರವನ್ನು ಅಪ್ಪ ಅಳಿಸಿದ್ದಾರೆ. ನಿನಗೆ ಹೇಳಬೇಕಾದದ್ದು ಇದೇ. ಆದದ್ದು ಆದಂತೆ ಹೇಳುತ್ತೇನೆ.

ಕಳೆದ ತಿಂಗಳು ಮಾರಿಸ್‌ವಿಲ್‌ನಲ್ಲಿ ರವಿಶಂಕರ್ ಅಂಕಲ್ ಅವರ ಹೊಸ ಟೌನ್‌ಹೌಸಿನ ಗೃಹಪ್ರವೇಶ ಇತ್ತು. ಅಪ್ಪನ ಹಳೆಯ ಸಹೋದ್ಯೋಗಿ, ನಮ್ಮ ಮನೆಗೆ ಬಂದಾಗಲೆಲ್ಲ ನಿನ್ನ ಚೀಟಿಗಳ ಮೇಲೆ ಕಾಫಿ ಲೋಟ ಇಡುತ್ತಿದ್ದರಲ್ಲ, ಅವರೇ. ಈಗ ಅವರದೇ ಒಂದು ಕಂಪನಿ ಇದೆ. ಕೆಲಸ ಏನೆಂದರೆ, ಬಡ ದೇಶಗಳಲ್ಲಿ ದೊಡ್ಡ ಕಾಮಗಾರಿಗೆ ಜನರ ಒಪ್ಪಿಗೆ ಸಂಗ್ರಹಿಸಿ ಕೊಡುವುದು. ಒಪ್ಪಿಗೆ ಕೂಡ ಗುತ್ತಿಗೆಗೆ ಹೋಗುತ್ತದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಅಪ್ಪ ಕಮ್ಮಿಂಗ್‌ನಿಂದ ಆರು ಗಂಟೆ ಕಾರು ಓಡಿಸಿಕೊಂಡು ಬಂದರು. ನಾನು ಇಲ್ಲಿಂದ ರೈಲಿನಲ್ಲಿ ಹೋದೆ. ಅಪ್ಪ ಒಬ್ಬರೇ ಇದ್ದಾರೆ, ಒಂದು ದಿನ ಜೊತೆಗಿರೋಣ ಎಂದು ಹೋದೆ, ಬೇರೆ ಯಾವ ಆಸೆಗೂ ಅಲ್ಲ. ಅಪ್ಪ ಇಳಿದುಹೋಗಿದ್ದಾರೆ ಅಮ್ಮಾ. ಇದನ್ನೂ ಹೇಳಿಬಿಡಬೇಕು. ಅಂಗಿಯ ಕಾಲರು ದೊಡ್ಡದಾಗಿ ಕಾಣುತ್ತಿತ್ತು.

ಪೂಜೆ ಶುರುವಾಯಿತು. ಪುರೋಹಿತರು ಸಂಕಲ್ಪ ಹೇಳಿಸುತ್ತಿದ್ದರು. ಅವರು ‘ಕ್ರೌಂಚದ್ವೀಪೇ’ ಎಂದರೆ ಅಂಕಲ್ ‘ಕ್ರೌಂಚದ್ವೀಪೇ’, ಅವರು ‘ಅಮೆರಿಕಾಖಂಡೇ’ ಎಂದರೆ ಅಂಕಲ್ ‘ಅಮೆರಿಕಾಖಂಡೇ’. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಅಕ್ಷತೆ. ಮಣಿಕಟ್ಟಿನ ಗಡಿಯಾರದಲ್ಲಿ ನಾಲ್ಕು ಸಲ ಮೆಸೇಜು ಮಿನುಗಿತು, ನಾಲ್ಕು ಸಲವೂ ಓದಿದರು, ಬಾಯಿ ಮಾತ್ರ ತಪ್ಪದೆ ಹೇಳಿಸಿದ್ದನ್ನು ಹೇಳುತ್ತಿತ್ತು. ಏನನ್ನು ಸಂಕಲ್ಪಿಸುತ್ತಿದ್ದೇನೆ ಎಂದು ಆ ಮನುಷ್ಯನಿಗೆ ಒಂದಕ್ಷರ ಗೊತ್ತಿರಲಿಲ್ಲ. ಕೊನೆಗೆ ನೀರು ಬಿಡಿ ಎಂದರು, ಬಿಟ್ಟರು. ಎಲ್ಲರೂ ಅಕ್ಷತೆ ಹಾಕಿದರು. ಪೂಜೆ ಸಾಂಗವಾಯಿತು. ನಮ್ಮ ಮನೆಗಳಲ್ಲಿ ಹುಟ್ಟಿದಂದಿನಿಂದ ಇದನ್ನು ನೋಡಿದ್ದೇವೆ. ಹೇಳಿದ್ದನ್ನು ತಿರುಗಿ ಹೇಳಿದರೆ ಆಯಿತು, ಒಪ್ಪಿದಂತೆ. ದೇವರಿಗೆ ಅದು ನಡೆಯಬಹುದು, ದೇವರ ವಿಷಯ ನನಗೆ ತಿಳಿಯದು. ಅವತ್ತು ಮಧ್ಯಾಹ್ನ ಊಟ ಆದಮೇಲೆ ಆ ಅಭ್ಯಾಸದ ಬೆಲೆ ಎಷ್ಟು ಎಂದು ತಿಳಿಯಿತು.

ಊಟಕ್ಕೆ ಬಿಸಿಬೇಳೆಬಾತ್, ಹೋಳಿಗೆ. ಕೂತವರೆಲ್ಲ ಕನ್ನಡ ಉಳಿಸುವ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದರು. ಮಕ್ಕಳು ಮಹಡಿಯಲ್ಲಿ ಇಂಗ್ಲಿಷಿನಲ್ಲಿ ಜಗಳವಾಡಿದರು. ಆಮೇಲೆ ಅಂಕಲ್ ಗೋಡೆಯಷ್ಟು ದೊಡ್ಡ ಟೀವಿ ಹಾಕಿ, ‘ತ್ಯಾಗು, ನಿನ್ನ ಮಾಸ್ಟರ್‌ಪೀಸ್ ತೋರಿಸ್ಲಾ? ನಿನ್ ಮಗಳೂ ನೋಡ್ಲಿ, ಹೆಮ್ಮೆ ಪಡ್ಲಿ’ ಎಂದರು. ಅಪ್ಪ ‘ಇವತ್ತು ಬೇಡ ಬಿಡೋ’ ಎಂದರು. ಆದರೆ ಮುಖದಲ್ಲಿ ತೋರಿಸಲಿ ಎನ್ನುವ ಆಸೆ ಇತ್ತು. ನಾನು ನೋಡಿದೆ, ಆ ಆಸೆ ಇತ್ತು.

ಟೀವಿಯಲ್ಲಿ ಬಂದದ್ದು ನೀನು ಒಂದು ವರ್ಷ ಇದ್ದು ಭಾಷೆ ಕಲಿತ ಊರು ಅಮ್ಮಾ. ಕಿವಾಯ್ ದ್ವೀಪದ ಆ ಉದ್ದನೆಯ ಮನೆ, ನೀನು ಕಳಿಸಿದ ಫೋಟೋದಲ್ಲಿದ್ದ ಅದೇ ತೆಂಗಿನಮರ, ಅದೇ ಓರೆಯಾದ ಏಣಿ. ನೀನು ಬಾಮುವಿಗೆ ಹೋದ ಮೇಲೆ, ಫೆಬ್ರವರಿಯಲ್ಲಿ ತೆಗೆದದ್ದಂತೆ. ಜನ ಕೂತಿದ್ದರು, ಮುಂದೆ ಸೈಮನ್ ತಾತ. ನಿನಗೆ ಭಾಷೆ ಕಲಿಸುತ್ತಿರುವ ಆ ತಾತನನ್ನು ನಾನು ಹಲ್ಲಿಲ್ಲದ ನಗೆಯಿಂದಲೇ ಗುರುತು ಹಿಡಿದೆ. ಅವರ ಮುಂದೆ ಒಂದು ಸ್ಪೀಕರು, ಪಕ್ಕದಲ್ಲಿ ಕಂಪನಿಯ ಟೋಪಿ ಹಾಕಿದವನೊಬ್ಬ. ಅವನು ಗುಂಡಿ ಒತ್ತಿದ. ಸ್ಪೀಕರಿನಿಂದ ನಿನ್ನ ದನಿ ಬಂತು.

ನಿನ್ನದೇ. ವಾಕ್ಯದ ಕೊನೆಯಲ್ಲಿ ಸ್ವಲ್ಪ ಉಸಿರು ಬಿಡುತ್ತೀಯಲ್ಲ, ಅದೂ ಇತ್ತು. ಒಂದು ಗಳಿಗೆ ನನಗೆ ಸಂತೋಷವೇ ಆಯಿತು. ಆಮೇಲೆ ಕೇಳಿಸಿಕೊಂಡೆ. ಓಬೋ ಕೇಳಿಸಿತು, ಮೋತೋ ಕೇಳಿಸಿತು, ಉಳಿದದ್ದು ಕಲ್ಲು ಜೋಡಿಸಿದಂತೆ ಒಂದರ ಪಕ್ಕ ಒಂದು. ಅದು ನೀನು ಹದಿನೈದು ವರ್ಷ ಊಹಿಸಿ ಕಟ್ಟಿದ ತಾಯಿಭಾಷೆ. ಯಾವ ಕಿವಿಯೂ ಕೇಳಿಲ್ಲದ್ದನ್ನು ಯಂತ್ರದಿಂದ ಆಡಿಸಿ, ನಿನ್ನ ಗಂಟಲು ಹಚ್ಚಿ, ಆ ಜನರ ಮುಂದೆ ಇಟ್ಟಿದ್ದರು. ಅಂಕಲ್ ವಿವರಿಸಿದರು. ಹೊಳೆಯ ಬಾಯಿಯಲ್ಲಿ ಹೂಳೆತ್ತಿ ಹಡಗುಕಟ್ಟೆ ಕಟ್ಟುತ್ತಾರೆ. ಸಾಲ ಕೊಡುವ ಸಂಸ್ಥೆಯ ನಿಯಮದ ಪ್ರಕಾರ ಅಲ್ಲಿನವರಿಗೆ ಅವರವರ ಭಾಷೆಯಲ್ಲೇ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು. ‘ಅಷ್ಟೊಂದ್ ಭಾಷೆ, ಅಷ್ಟೊಂದ್ ಟ್ರಾನ್ಸ್‌ಲೇಟರ್ಸ್ ಎಲ್ಲಿಂದ ತರೋದು? ಆಗ ನಿಮ್ಮಪ್ಪ ಸೂಪರ್ ಐಡಿಯಾ ಕೊಟ್ಟ. ಅಜ್ಜಿ ಮಾತಾಡಿದ್ರೆ ಎಲ್ಲಾ ಮೊಮ್ಮಕ್ಕಳಿಗೂ ಅರ್ಥ ಆಗಲ್ವಾ? ಒಂದೇ ರೆಕಾರ್ಡಿಂಗ್, ಎಲ್ಲಾ ಊರಿಗೂ!’ ಕೂತಿದ್ದವರು ಚಪ್ಪಾಳೆ ತಟ್ಟಿದರು. ಹೋಳಿಗೆ ತಿಂದ ಕೈಯಲ್ಲಿ.

ಟೀವಿಯಲ್ಲಿ ಸ್ಪೀಕರು ಒಂದು ವಾಕ್ಯ ಹೇಳಿ ನಿಂತಿತು. ಸೈಮನ್ ತಾತ ಅದನ್ನು ತಿರುಗಿ ಹೇಳಿದರು. ಇನ್ನೊಂದು ವಾಕ್ಯ, ಮತ್ತೆ ತಾತ ಹೇಳಿದರು. ‘ನೋಡಿ, ಹೆಂಗೆ ರಿಪೀಟ್ ಮಾಡ್ತಿದಾರೆ! ಒಂದೂ ಬಿಟ್ಟಿಲ್ಲ. ಫುಲ್ ಅಗ್ರೀಮೆಂಟ್’ ಎಂದರು ಅಂಕಲ್. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಮೂಡುತ್ತಿತ್ತು: ಹಿರಿಯರು ಒಪ್ಪಿದರು, ಹಿರಿಯರು ಒಪ್ಪಿದರು.

ಅಮ್ಮಾ, ನನಗೆ ಮೈಯೆಲ್ಲ ಉರಿಯಿತು. ನೀನು ಕಳಿಸಿದ ರೆಕಾರ್ಡಿಂಗುಗಳನ್ನು ನಾನು ಅಡುಗೆ ಮಾಡುತ್ತಾ ಕೇಳಿದ್ದೇನೆ. ನೀನು ಕೆಲಸ ಮಾಡುವ ಬಗೆ ನನಗೆ ಗೊತ್ತು. ನೀನು ಒಂದು ಮಾತು ಹೇಳುತ್ತೀಯ, ತಪ್ಪಿದ್ದರೆ ತಾತ ಅದನ್ನೇ ಸರಿ ಮಾಡಿ ಹೇಳುತ್ತಾರೆ, ನೀನು ತಿದ್ದಿಕೊಂಡು ಮತ್ತೆ ಹೇಳುವವರೆಗೂ ಸುಮ್ಮನೆ ಕಾಯುತ್ತಾರೆ. ಟೀವಿಯಲ್ಲಿ ಅವರು ಮಾಡುತ್ತಿದ್ದದ್ದು ಅದನ್ನೇ. ತಿರುಗಿ ಹೇಳುತ್ತಿದ್ದದ್ದು ಅದೇ ವಾಕ್ಯವಲ್ಲ, ಬೇರೆ ಥರ ಇತ್ತು, ಕಿವಿ ಇದ್ದವರಿಗೆ ಗೊತ್ತಾಗುವಷ್ಟು ಬೇರೆ. ಹೇಳಿ, ಕಾಯುತ್ತಿದ್ದರು. ಸ್ಪೀಕರು ತಿದ್ದಿಕೊಳ್ಳದೆ ಮುಂದಕ್ಕೆ ಹೋಗುತ್ತಿತ್ತು. ಅವರು ಇನ್ನೂ ನಿಧಾನವಾಗಿ, ಮಗುವಿಗೆ ಹೇಳಿಕೊಡುವಂತೆ, ಮತ್ತೆ ಹೇಳುತ್ತಿದ್ದರು. ಹಿಂದೆ ಕೂತ ಹೆಂಗಸರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಕೊನೆಗೆ ತಾತ ಟೋಪಿಯವನ ಕಡೆ ತಿರುಗಿ ನಿನ್ನ ಹೆಸರು ಹಿಡಿದು ‘ಶ್ರೀಲತಾ?’ ಎಂದರು. ಹಾಗೆಂದು ಅಂಗೈ ಮಗುಚಿ ತಮ್ಮ ಹಣೆಗೆ ಮುಟ್ಟಿಸಿ ತೋರಿಸಿದರು. ಅವಳಿಗೆ ಜ್ವರವೇ ಎಂದು ಕೇಳುತ್ತಿದ್ದರು ಅಮ್ಮಾ. ಒಂದು ವರ್ಷ ಕಷ್ಟಪಟ್ಟು ಕಲಿತವಳು ಯಾಕೆ ಹೀಗೆ ಬಡಬಡಿಸುತ್ತಿದ್ದಾಳೆ ಎಂದು. ಟೋಪಿಯವನು ತಲೆಯಾಡಿಸಿ, ಹೌದು ಹೌದು, ಥ್ಯಾಂಕ್ಯೂ ಎಂದ. ಕೆಳಗೆ ಅಕ್ಷರ ಮೂಡಿತು: ಸಂಪೂರ್ಣ ಒಪ್ಪಿಗೆ.

ನಾನು ಎದ್ದು ನಿಂತು ಹೇಳಿದೆ. ಅವರು ಒಪ್ಪುತ್ತಿಲ್ಲ, ತಿದ್ದುತ್ತಿದ್ದಾರೆ, ಅಮ್ಮನಿಗೆ ಕಾಯಿಲೆಯೇ ಎಂದು ಕೇಳುತ್ತಿದ್ದಾರೆ ಎಂದು. ಅಂಕಲ್ ನಕ್ಕರು. ‘ಬೆಳಗ್ಗೆಯಿಂದ ನಾನೂ ಸ್ವಾಮಿಗಳು ಹೇಳಿದ್ದನ್ನೇ ರಿಪೀಟ್ ಮಾಡ್ಲಿಲ್ವೇನಮ್ಮಾ? ನಂಗೇನ್ ಅರ್ಥ ಆಯ್ತು? ಪೂಜೆ ಆಯ್ತು ತಾನೇ? ಅದೇ ಲೆಕ್ಕ!’ ಇಡೀ ಕೋಣೆ ನಕ್ಕಿತು. ಆಗ ನನಗೆ ಗೊತ್ತಾಯಿತು, ಆತ ತಮಾಷೆ ಮಾಡುತ್ತಿಲ್ಲ, ನಿಜವಾಗಿ ಹಾಗೆಯೇ ನಂಬಿದ್ದಾರೆ. ತಿರುಗಿ ಹೇಳಿದರೆ ಒಪ್ಪಿದಂತೆ ಎಂದು ಹುಟ್ಟಿನಿಂದ ಕಂಡವರಿಗೆ, ತಿರುಗಿ ಹೇಳುವುದು ಬೇಡ ಎನ್ನುವ ಬಗೆಯೂ ಆಗಬಹುದು, ಪ್ರೀತಿಯೂ ಆಗಬಹುದು ಎಂದು ಹೊಳೆಯುವುದೇ ಇಲ್ಲ. ಅವರ ಹೆಂಡತಿ ಮೈಥಿಲಿ ಆಂಟಿ ತಟ್ಟೆ ಹಿಡಿದು ಬಂದು, ‘ಇನ್ನೊಂದ್ ಹೋಳಿಗೆ ಹಾಕ್ಕೊಳಮ್ಮ, ಪಾಂಪ್ಲೆಟ್ ಆಮೇಲ್ ಹಂಚುವಂತೆ’ ಎಂದರು. ಮತ್ತೆ ನಗು. ನಾನು ಹೋಳಿಗೆಯನ್ನು ನೋಡಿದೆ. ತುಪ್ಪ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅಪ್ಪ ನನ್ನ ಮೊಣಕೈ ಹಿಡಿದು, ‘ಪುಟ್ಟಿ, ಇಲ್ಲಿ ಬೇಡ, ಪ್ಲೀಸ್’ ಎಂದರು. ನಾಚಿಕೆ ಆಗಿದ್ದು ಅವರಿಗೆ ನನ್ನಿಂದ. ಆ ವಿಡಿಯೋದಿಂದ ಅಲ್ಲ.

ರೈಲು ನಿಲ್ದಾಣಕ್ಕೆ ಅಪ್ಪನೇ ಬಿಟ್ಟರು. ಕಾರಿನಲ್ಲಿ ನಾವಿಬ್ಬರೇ. ಅಮ್ಮನನ್ನು ಕೇಳಿದಿರಾ ಎಂದೆ. ‘ಕೇಳೋಣ ಅಂದ್ರೆ ಸಿಗ್ನಲ್ ಎಲ್ಲಿತ್ತು? ವಾಪಸ್ ಬಂದ್ಮೇಲೆ ಸರ್‌ಪ್ರೈಸ್ ಅಂದ್ಕೊಂಡಿದ್ದೆ.’ ನಕ್ಷತ್ರಗಳು ಏನಾದವು ಎಂದೆ. ‘ಸ್ಟಾರ್ ಇದ್ರೆ ವಾಯ್ಸ್ ಎಂಜಿನ್ ಎರರ್ ಕೊಡುತ್ತೆ ಪುಟ್ಟಿ. ಡೇಟಾ ಕ್ಲೀನ್ ಮಾಡ್ಲೇಬೇಕಿತ್ತು.’ ಕ್ಲೀನ್ ಅಂತೆ. ನೀನು ಇದು ಊಹೆ ಎಂದು ತಲೆಬಾಗಿ ಒಪ್ಪಿಕೊಂಡ ಗುರುತು ಅವರಿಗೆ ಕಸ. ಆ ಭಾಷಣದಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಇಂಗ್ಲಿಷ್ ಪ್ರತಿ ತೋರಿಸಿದರು. ಹಡಗುಕಟ್ಟೆ ಎನ್ನುವುದಕ್ಕೆ ನಿನ್ನ ಪಟ್ಟಿಯಲ್ಲಿ ಶಬ್ದ ಇಲ್ಲ, ನೀರು ಮತ್ತು ಮನೆ ಸೇರಿಸಿದ್ದಾರೆ. ಗುತ್ತಿಗೆ ಇಲ್ಲ, ಪರಿಹಾರ ಇಲ್ಲ, ಹೂಳೆತ್ತಿದರೆ ಮೀನು ಏನಾಗುತ್ತದೆ ಎಂಬ ಪುಟವೇ ಇಲ್ಲ, ಶಬ್ದ ಸಿಗಲಿಲ್ಲವೆಂದು ಬಿಟ್ಟಿದ್ದಾರೆ. ನೀರಿನ ಮನೆ ಬರುತ್ತದೆ, ನೀವು ಕೊಡಿ, ಒಳ್ಳೆಯದು. ಇಷ್ಟೇ. ಇಷ್ಟನ್ನೇ ನಿನ್ನ ದನಿಯಲ್ಲಿ.

‘ನೀನು ದೊಡ್ಡ ದೊಡ್ಡ ಮಾತಾಡ್ತೀಯ’ ಎಂದರು ಅಪ್ಪ. ‘ಹದಿನೈದು ವರ್ಷ ನಿಮ್ಮಮ್ಮ ಮಾಡಿದ್ದು ಯಾರಿಗ್ ಗೊತ್ತು? ನಾಲ್ಕು ಪ್ರೊಫೆಸರ್ಸ್‌ಗೆ. ನಾನು ಅದಕ್ಕೊಂದು ಬಾಯಿ ಕೊಟ್ಟೆ.’ ನಾನು ಉತ್ತರ ಕೊಡುವ ಮೊದಲೇ ಕೆಂಪು ದೀಪದಲ್ಲಿ ಕಾರು ನಿಲ್ಲಿಸಿ, ಫೋನಿನಲ್ಲಿ ಏನೋ ಒತ್ತಿದರು. ಕಾರಿನ ಸ್ಪೀಕರಿನಿಂದ ನೀನು ಮಾತಾಡಿದೆ: ‘ಊಟ ಆಯ್ತಾ ತ್ಯಾಗು? ಸಾರು ಬಿಸಿ ಮಾಡ್ಕೊಂಡ್ಯಾ?’ ಅಪ್ಪ ರಸ್ತೆ ನೋಡುತ್ತಾ, ‘ಹ್ಞೂ, ಮಾಡ್ಕೊಂಡೆ’ ಎಂದರು. ನನಗಲ್ಲ ಅಮ್ಮಾ, ಸ್ಪೀಕರಿಗೆ. ಮೊದಲು ಇದಕ್ಕಾಗಿಯೇ ಮಾಡಿಕೊಂಡದ್ದಂತೆ, ನಿನ್ನ ಹಳೆಯ ವಾಯ್ಸ್ ಮೆಸೇಜುಗಳಿಂದ, ಮನೆ ತುಂಬಾ ಸದ್ದಿಲ್ಲದೆ ಇರುತ್ತದೆಂದು. ರವಿಶಂಕರ್ ಅಂಕಲ್ ಒಂದು ದಿನ ಊಟಕ್ಕೆ ಬಂದಾಗ ಕೇಳಿಸಿಕೊಂಡರಂತೆ. ಎಲ್ಲ ಶುರುವಾದದ್ದು ಅಲ್ಲಿಂದ.

ಇದನ್ನು ಓದಿ ನಿನ್ನ ಮನಸ್ಸು ಕರಗುತ್ತದೆ, ನನಗೆ ಗೊತ್ತು. ನನ್ನದೂ ಒಂದು ಕ್ಷಣ ಕರಗಿತು, ಆಮೇಲೆ ಅದಕ್ಕೇ ಹೆಚ್ಚು ಹೇಸಿಗೆಯಾಯಿತು. ಒಂಟಿತನಕ್ಕೆ ಹೆಂಡತಿಯ ದನಿ ಬೇಕಿದ್ದರೆ ಹಳೆಯ ಮೆಸೇಜು ಕೇಳಿಕೊಳ್ಳಲಿ, ಅದು ನೀನು ಆಡಿದ್ದು. ನೀನು ಆಡದ್ದನ್ನು ನಿನ್ನಿಂದ ಆಡಿಸುವುದು ಯಾವ ಪ್ರೀತಿ? ಇಂದು ಸಾರು ಬಿಸಿ ಮಾಡಿಕೋ ಎನ್ನಿಸಿದವರು ನಾಳೆ ಹೊಳೆ ಕೊಡು ಎನ್ನಿಸುತ್ತಾರೆ. ಎನ್ನಿಸಿಯೇಬಿಟ್ಟರು. ನಿಲ್ದಾಣ ಇನ್ನೂ ದೂರವಿತ್ತು, ನಾನು ಅಲ್ಲೇ ಇಳಿದೆ. ಆ ಊರಿನಲ್ಲಿ ನಡೆಯುವವರೇ ಇಲ್ಲ, ಫುಟ್‌ಪಾತೂ ಇಲ್ಲ. ಹುಲ್ಲಿನ ಮೇಲೆ ನಡೆದೆ. ಅಪ್ಪ ಕಾರನ್ನು ನಿಧಾನಕ್ಕೆ ನನ್ನ ಪಕ್ಕದಲ್ಲೇ ಓಡಿಸಿಕೊಂಡು ಬಂದರು, ಹಿಂದಿನವರೆಲ್ಲ ಹಾರ್ನ್ ಹೊಡೆದರು. ನಾನು ತಿರುಗಿ ನೋಡಲಿಲ್ಲ.

ಇಲ್ಲಿಗೆ ಬಂದು ಸುಮ್ಮನೆ ಕೂರಲಿಲ್ಲ. ಆ ಸಾಲ ಕೊಡುವ ಸಂಸ್ಥೆ ನಾನು ದಿನಾ ಕರಪತ್ರ ಹಂಚುವ ಬೀದಿಯಲ್ಲೇ ಇದೆ. ದೂರು ಕೇಳುವ ಕಚೇರಿಗೆ ಹೋದೆ. ಅಲ್ಲಿನ ಹೆಂಗಸು ನನ್ನನ್ನು ಕೂರಿಸಿ ಪೂರ್ತಿ ಕೇಳಿದಳು, ಬರೆದುಕೊಂಡಳು. ಆದರೆ ದೂರು ಹೊಳೆಯ ಪಕ್ಕ ಬದುಕುವವರಿಂದಲೇ ಬರಬೇಕಂತೆ, ಅಥವಾ ಅವರು ತಾವಾಗಿ ಆರಿಸಿದವರಿಂದ. ‘ಆ ಹಿರಿಯರು ನಿನ್ನನ್ನು ಕಳಿಸಿದ್ದಾರೆಯೇ?’ ಎಂದು ಕೇಳಿದಳು. ಇಲ್ಲ ಎಂದೆ. ಸೈಮನ್ ತಾತನ ಪರವಾಗಿ ಅವರನ್ನು ಕೇಳದೆ ಮಾತಾಡಿದರೆ ನಾನೂ ಒಂದು ಸ್ಪೀಕರೇ ಅಲ್ಲವೇ. ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಮೇ ಮೊದಲ ವಾರ ಅಂಕಲ್ ಕಂಪನಿಯವರು ಅದೇ ಸ್ಪೀಕರು ಹಿಡಿದು ಎಲ್ಲ ಊರುಗಳಿಗೂ ಹೊರಡುತ್ತಾರೆ. ಮೊದಲು ಸೈಮನ್ ತಾತನ ಊರು, ಅಲ್ಲಿ ಕಾಗದಕ್ಕೆ ಹೆಬ್ಬೆಟ್ಟು. ಅದಾದ ಮೇಲೆ ದೂರಿಗೆ ಬೆಲೆ ಕಡಿಮೆ.

ನೀನೊಬ್ಬಳೇ ಅದಕ್ಕೆ ಮೊದಲು ಅಲ್ಲಿಗೆ ಹೋಗಿ, ಆ ದನಿ ನನ್ನದಲ್ಲ, ಆ ಮಾತು ಯಾರದ್ದೂ ಅಲ್ಲ ಎಂದು ಅವರ ಭಾಷೆಯಲ್ಲಿ ಹೇಳಬಲ್ಲವಳು. ನಿಜವಾದ ವಿಷಯ ಪೂರ್ತಿ ತಿಳಿಸಿದ ಮೇಲೆ ಅವರು ಬೇಕೆಂದರೆ ಬೇಕು, ಬೇಡವೆಂದರೆ ಬೇಡ. ಆದರೆ ಬಾಮು ಬಿಟ್ಟು ಬಂದರೆ ಏನಾಗುತ್ತದೆ ಎಂಬುದೂ ನನಗೆ ಗೊತ್ತು. ಹಳೆಯ ಮಾತು ಬಲ್ಲ ಆ ಇಬ್ಬರು ಅಜ್ಜಿಯರಿಗಾಗಿ ನೀನು ಜ್ವರದಲ್ಲೂ ದೋಣಿಯಲ್ಲಿ ಹೊಳೆಯ ಮೇಲಕ್ಕೆ ಹೋದೆ. ಅವರಲ್ಲೊಬ್ಬರಿಗೆ ಉಸಿರಾಟ ಸರಿಯಿಲ್ಲ ಎಂದು ಬರೆದಿದ್ದೆ. ಈಗ ಬಿಟ್ಟರೆ ಅವರ ಶಬ್ದಗಳು ಮತ್ತೆ ಸಿಗದೆ ಹೋಗಬಹುದು, ನಿನ್ನ ತಾಯಿಭಾಷೆಯ ಆ ಭಾಗದಲ್ಲಿ ನಕ್ಷತ್ರವೂ ಮೂಡದೆ ಖಾಲಿ ಉಳಿಯಬಹುದು. ಅದಕ್ಕೇ ಬಾ ಎಂದು ಒತ್ತಾಯಿಸಲಾರೆ. ಯಾವುದು ಮೊದಲು ಎಂದು ನೀನೇ ನಿರ್ಧರಿಸು. ಬರಲಾಗದಿದ್ದರೆ ಸೈಮನ್ ತಾತನಿಗೆ ಯಾರ ಬಾಯಲ್ಲಾದರೂ ಹೇಳಿ ಕಳಿಸು.

ನಾನು ಚಿಕ್ಕವಳಿದ್ದಾಗ ಫ್ರಿಜ್ಜಿನ ಮೇಲೆ ನೀನು ‘ನಿಮೊಇಬಿ’ ಎಂದು ಬರೆದು ಅಂಟಿಸಿದ್ದೆ. ನಾವು ಮೂವರು ಎನ್ನಲು ಅವರಿಗೆ ಬೇರೆಯೇ ಮಾತಿದೆ ಎಂದು ನೀನು ಹೇಳಿದಾಗ ಅಪ್ಪನಿಗೆ ಎಷ್ಟು ಖುಷಿಯಾಗಿತ್ತು. ಆ ಚೀಟಿ ಈಗಲೂ ಅಲ್ಲಿದೆ. ಅದನ್ನು ನೆನೆದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಅದಕ್ಕೇ ನೆನೆಯುತ್ತಿಲ್ಲ.

ಸೈಮನ್ ತಾತನಿಗೆ, ಆ ಇಬ್ಬರು ಅಜ್ಜಿಯರಿಗೆ ನನ್ನ ನಮಸ್ಕಾರ. ನಿನ್ನ ಕಾಲಿಗೆ ಬಿದ್ದಿದ್ದೇನೆ, ಹುಣ್ಣು ಇಲ್ಲದ ಕಾಲಿಗೆ. ಹಬ್ಬದ ದಿನ ಅಲ್ಲಿ ಸಿಗುವ ಯಾವುದಾದರೂ ಕಹಿ ಸೊಪ್ಪು ಬಾಯಿಗೆ ಹಾಕಿಕೋ. ನಾನೂ ಇಲ್ಲಿ ಅದನ್ನೇ ಮಾಡುತ್ತೇನೆ.

ನಿನ್ನ
ಯಾಮಿ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಸಾದಿಯಾ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಾಳೆ. ಕಳೆದ ಭಾನುವಾರ, ಈಸ್ಟರ್ ದಿನ, ನಿನ್ನ ನಂಬರಿನಿಂದ ನನಗೊಂದು ವಾಯ್ಸ್ ಮೆಸೇಜ್ ಬಂತು. ಹಬ್ಬಕ್ಕೆ ಮಿಷನ್ನಿನ ಊರಿಗೆ ಇಳಿದಿರಬೇಕು, ಸಿಗ್ನಲ್ ಸಿಕ್ಕಿರಬೇಕು ಎಂದು ಓಡಿಹೋಗಿ ಕೇಳಿದೆ. ‘ಪುಟ್ಟಿ, ಅಪ್ಪನ ಮೇಲೆ ಕೋಪ ಮಾಡ್ಕೋಬೇಡ ಕಣೇ. ನಾನು ಎಲ್ಲಾ ಕೇಳಿದೀನಿ. ನಾನೇ ಒಪ್ಪಿದೀನಿ.’ ಕೊನೆಯಲ್ಲಿ ಆ ಉಸಿರೂ ಇತ್ತು. ನೀನು ನನ್ನನ್ನು ಹುಟ್ಟಿದಾಗಿನಿಂದ ಪುಟ್ಟಿ ಎಂದವಳಲ್ಲ, ಹಾಗೆ ಕರೆಯುವುದು ಅಪ್ಪ ಒಬ್ಬರೇ, ನಿನ್ನ ಫೋನಿನ ಪಾಸ್‌ವರ್ಡು ಇರುವುದೂ ಅವರ ಹತ್ತಿರವೇ. ಗೊತ್ತಿದ್ದೂ ಮತ್ತೆ ಮತ್ತೆ ಕೇಳಿದೆ, ಅಳಿಸಲು ಬೆರಳು ಬರಲಿಲ್ಲ. ನನಗೆ ಕಳಿಸಿದವರು ಅದನ್ನು ಅಂಕಲ್‌ಗೂ ಕಳಿಸಿರುತ್ತಾರೆ. ಅಂಕಲ್ ಅದನ್ನು ಸೈಮನ್ ತಾತನ ಮುಂದೆ ಹಾಕಿ, ಯಾರಿಂದಲಾದರೂ ಅರ್ಥ ಹೇಳಿಸುತ್ತಾರೆ. ಜ್ವರದವಳ ಬಡಬಡಿಕೆ ಎಂದು ಅವರು ಈ ಸಲ ಅಂದುಕೊಳ್ಳುವುದಿಲ್ಲ, ಶ್ರೀಲತಾ ನಮ್ಮನ್ನು ಮಾರಿದಳು ಎಂದುಕೊಳ್ಳುತ್ತಾರೆ. ಮೇಲೆ ನೀನೇ ನಿರ್ಧರಿಸು ಎಂದು ಬರೆದದ್ದನ್ನು ಹೊಡೆದುಹಾಕಿದೆ ಎಂದುಕೋ. ಅಜ್ಜಿಯರ ಕ್ಷಮೆ ಕೇಳು. ನನಗೆ ಉತ್ತರ ಬರೆಯುತ್ತಾ ಕೂರಬೇಡ. ಈ ಕಾಗದ ತಂದ ಆಸ್ಪತ್ರೆಯ ದೋಣಿ ಹಿಂದಿರುಗುವಾಗ ಅದನ್ನೇ ಹತ್ತು.